ಮಂಗೋ ಪಾರ್ಕನ ಎರಡು ಪ್ರಯಾಣಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಮಕ್ಕಳಿಗೆ ಹೇಳುತ್ತಿರುತ್ತಾರೆ. ಆದರೆ ತಮ್ಮ ಮನೆಯ ಹುಡುಗನೇ ಗಂಟು ಕಟ್ಟಿಕೊಂಡು ಹೊರಟು ನಿಂತಾಗ ಅವರ ಬಾಯಿಂದ ಬರುವ ಮಾತೇ ಬೇರೆ. ಈ ಕಾಲೇಜಿಗೆ ಸೇರಲು ನಾನು ಮೊದಲ ಸಲ ಒಬ್ಬನೇ ರಾತ್ರಿಯ ಬಸ್ಸು ಹತ್ತಿದಾಗ ನನ್ನ ಅಜ್ಜಿ ಮೂರು ಬುದ್ಧಿಮಾತು ಹೇಳಿ ಕಳಿಸಿದ್ದರು. ಹಣವನ್ನು ಒಂದೇ ಕಡೆ ಇಡಬಾರದು, ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಹೇಳಬಾರದು, ಗುರುತಿಲ್ಲದವರು ಕೊಟ್ಟದ್ದನ್ನು ಬಾಯಿಗೆ ಹಾಕಬಾರದು. ನಾನು ಮೂರನ್ನೂ ಚಾಚೂ ತಪ್ಪದೆ ಪಾಲಿಸಿದೆ. ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ಟವಲಿನ ಗಂಟು ಬಿಚ್ಚಿ ಹುರಿದ ಕಡಲೆಕಾಯಿಯನ್ನು ನನ್ನ ಕಡೆ ನೀಡಿದರು. ಬೇಡವೆಂದೆ. ಇನ್ನೊಮ್ಮೆ ನೀಡಿದರು. ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ. ನಡುರಾತ್ರಿಯಲ್ಲಿ ಬಸ್ಸು ಕೆಟ್ಟು ಊರಿಲ್ಲದ ಕಡೆ ನಿಂತಿತು. ಪ್ರಯಾಣಿಕರೆಲ್ಲ ಕೆಳಗಿಳಿದು, ರಸ್ತೆಯ ಬದಿಯಲ್ಲಿ ಸೌದೆ ಉರಿಸಿ, ಸುತ್ತ ಕುಳಿತು, ಆ ಮುದುಕರ ಕಡಲೆಕಾಯಿಯನ್ನು ಹಂಚಿಕೊಂಡು ತಿಂದರು. ನಾನು ಮಾತ್ರ ಚೀಲವನ್ನು ಅಪ್ಪಿಕೊಂಡು ಬಸ್ಸಿನೊಳಗೇ ಕುಳಿತೆ. ಬೆಳಗಿನ ಜಾವ ಊರು ಸೇರಿದಾಗ ನನ್ನ ಹಣ ಎರಡು ಕಡೆಯೂ ಭದ್ರವಾಗಿತ್ತು. ಹೊಟ್ಟೆ ಮಾತ್ರ ಬರಿದಾಗಿತ್ತು.

ಈ ಸಂಗತಿ ನನಗೆ ಮರೆತೇ ಹೋಗಿತ್ತು. ಈ ವರ್ಷ ನಮ್ಮ ಕಾಲೇಜಿನ ಪುಸ್ತಕಭಂಡಾರದ ಮೂಲೆಯೊಂದರಲ್ಲಿ, ಮಂಗೋ ಪಾರ್ಕ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಬರೆದ ಆಫ್ರಿಕಾ ಪ್ರವಾಸದ ಗ್ರಂಥ ಕೈಗೆ ಸಿಕ್ಕಿತು. ಅದು ಮೊದಲು ಪ್ರಕಟವಾದದ್ದು 1799ರಲ್ಲಿ. ಸುಮ್ಮನೆ ಪುಟ ತಿರುವುತ್ತಿದ್ದೆ. ಒಂದು ಕಡೆ ಪಾರ್ಕನು ಇದ್ದದ್ದನ್ನೆಲ್ಲ ಸುಲಿಸಿಕೊಂಡು, ಹಸಿದು, ಪರದೇಶದ ಹಳ್ಳಿಯೊಂದರ ಕಟ್ಟೆಯ ಮೇಲೆ ಹುಲ್ಲುಕಡ್ಡಿ ಕಚ್ಚುತ್ತ ಕುಳಿತಿದ್ದಾನೆ. ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಮುದುಕಿ ಆ ದಾರಿಯಾಗಿ ಬರುತ್ತಾಳೆ. ಆಕೆ ಇನ್ನೊಬ್ಬರ ಮನೆಯ ಗುಲಾಮಳು. ಊಟವಾಯಿತೇ ಎಂದು ಕೇಳುತ್ತಾಳೆ. ಆಗಲಿಲ್ಲವೆಂದು ತಿಳಿದು ಬುಟ್ಟಿಯನ್ನು ಇಳಿಸಿ, ಹಿಡಿ ಹಿಡಿಯಾಗಿ ಕಡಲೆಕಾಯಿಯನ್ನು ಅವನ ಮುಂದಿಟ್ಟು, ಉಪಕಾರದ ಮಾತು ಕೇಳುವುದಕ್ಕೂ ನಿಲ್ಲದೆ ಹೊರಟುಹೋಗುತ್ತಾಳೆ. ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಮೇಲೆ ಮೊದಲ ಪುಟದಿಂದ ಓದಿದೆ. ಈ ಲೇಖನ ಹುಟ್ಟಿದ್ದು ಹಾಗೆ.

ಪಾರ್ಕನು 1771ನೆಯ ಇಸವಿ ಸೆಪ್ಟೆಂಬರ್ 11ರಂದು ಸ್ಕಾಟ್ಲೆಂಡಿನ ಸೆಲ್ಕರ್ಕ್ ಪಟ್ಟಣದ ಬಳಿ, ಫೌಲ್‌ಶೀಲ್ಸ್ ಎಂಬಲ್ಲಿ ಹುಟ್ಟಿದನು. ಆ ಮನೆಯ ಮುಂದೆ ಹರಿಯುವ ಹೊಳೆಯ ಹೆಸರು ಯಾರೋ. ನಮ್ಮ ಕಿವಿಗೆ ಇದು ತಮಾಷೆಯಾಗಿ ಕೇಳಿಸುತ್ತದೆ. ತಂದೆ ಗೇಣಿ ಜಮೀನು ಮಾಡುತ್ತಿದ್ದ ರೈತ. ಹದಿಮೂರು ಮಕ್ಕಳಲ್ಲಿ ಇವನು ಏಳನೆಯವನು. ಸೆಲ್ಕರ್ಕಿನ ಥಾಮಸ್ ಆಂಡರ್ಸನ್ ಎಂಬ ಶಸ್ತ್ರವೈದ್ಯನ ಹತ್ತಿರ ಶಿಷ್ಯವೃತ್ತಿ ಮಾಡಿ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನೂ ಸಸ್ಯಶಾಸ್ತ್ರವನ್ನೂ ಕಲಿತನು. ಲಂಡನ್ನಿನಲ್ಲಿದ್ದ ಅವನ ಭಾವ ಡಿಕ್ಸನ್ ಸಸ್ಯಶಾಸ್ತ್ರ ಬಲ್ಲವನು. ಅವನ ಮೂಲಕ ಸರ್ ಜೋಸೆಫ್ ಬ್ಯಾಂಕ್ಸ್ ಎಂಬ ಪ್ರಭಾವಶಾಲಿಯ ಪರಿಚಯವಾಯಿತು. ಬ್ಯಾಂಕ್ಸನ ಶಿಫಾರಸಿನಿಂದ ಪಾರ್ಕನು ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಸಹಾಯಕ ವೈದ್ಯನಾಗಿ 1793ರಲ್ಲಿ ಸುಮಾತ್ರಾ ದ್ವೀಪಕ್ಕೆ ಹೋಗಿಬಂದನು. ಅಲ್ಲಿಂದ ತಂದದ್ದು ಕೆಲವು ಹೊಸ ಜಾತಿಯ ಮೀನುಗಳ ವರ್ಣನೆ ಮತ್ತು ತಿರುಗಾಟದ ರುಚಿ.

ಆ ಕಾಲದಲ್ಲಿ ಯೂರೋಪಿನ ಭೂಗೋಳಜ್ಞರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಪಶ್ಚಿಮ ಆಫ್ರಿಕಾದ ಒಳನಾಡಿನಲ್ಲಿ ನೈಜರ್ ಎಂಬ ಮಹಾನದಿ ಇದೆಯೆಂದು ಅವರು ಕೇಳಿದ್ದರು. ಅದು ಪೂರ್ವಕ್ಕೆ ಹರಿಯುತ್ತದೆಯೋ ಪಶ್ಚಿಮಕ್ಕೋ, ಕೊನೆಗೆ ಎಲ್ಲಿ ಸೇರುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ನದಿಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ ಹರಿವಿನ ದಿಕ್ಕು ತಿಳಿದೇ ಇತ್ತೆಂದು ಬೇರೆ ಹೇಳಬೇಕಾಗಿಲ್ಲ. 1788ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆಫ್ರಿಕನ್ ಸಂಘವು ಈ ಗುಟ್ಟನ್ನು ಬಿಡಿಸಲು ಮೇಜರ್ ಹೌಟನ್ ಎಂಬುವನನ್ನು ಕಳಿಸಿತು. ಅವನು 1791ರಲ್ಲಿ, ಜೊತೆಗೆ ಬಂದ ವರ್ತಕರಿಂದಲೇ ಸುಲಿಗೆಗೆ ಗುರಿಯಾಗಿ, ಮರಳುಗಾಡಿನ ಅಂಚಿನಲ್ಲಿ ಸತ್ತನು. ಅವನ ಜಾಗಕ್ಕೆ ಮುಂದೆ ಬಂದವನು ಇಪ್ಪತ್ತಮೂರು ವರ್ಷದ ಪಾರ್ಕ್.

1795ರ ಮೇ 22ರಂದು ಇಂಗ್ಲೆಂಡನ್ನು ಬಿಟ್ಟ ಪಾರ್ಕನು ಗ್ಯಾಂಬಿಯಾ ನದಿಯ ಮೇಲುಭಾಗದಲ್ಲಿದ್ದ ಪಿಸಾನಿಯಾ ಎಂಬ ವ್ಯಾಪಾರದ ಠಾಣ್ಯವನ್ನು ಸೇರಿದನು. ಅಲ್ಲಿ ಡಾಕ್ಟರ್ ಲೇಡ್ಲಿ ಎಂಬ ಆಂಗ್ಲ ವರ್ತಕನ ಮನೆಯಲ್ಲಿ ಐದು ತಿಂಗಳು ನಿಂತನು. ಅಷ್ಟು ದಿನ ಮಾಡಿದ ಮುಖ್ಯ ಕೆಲಸವೆಂದರೆ ಮ್ಯಾಂಡಿಂಗೊ ಭಾಷೆಯನ್ನು ಕಲಿತದ್ದು, ಜ್ವರ ಬಂದು ಮಲಗಿದ್ದು, ಮಳೆಗಾಲ ಮುಗಿಯಲೆಂದು ಕಾದದ್ದು. ಕಾದನೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಡಿಸೆಂಬರ್ 2ರಂದು ಹೊರಟಾಗ ಅವನ ಸೇವೆಗೆಂದು ಜೊತೆಗಿದ್ದವರು ಇಬ್ಬರೇ. ದುಭಾಷಿ ಜಾನ್ಸನ್ ಮತ್ತು ಡೆಂಬಾ ಎಂಬ ಹುಡುಗ. ಒಂದು ಕುದುರೆ, ಎರಡು ಕತ್ತೆ, ಎರಡು ದಿನಕ್ಕಾಗುವಷ್ಟು ಆಹಾರ, ಮಣಿಸರ, ತಂಬಾಕು, ಒಂದು ಕೊಡೆ, ದಿಕ್ಸೂಚಿ, ಉಷ್ಣಮಾಪಕ, ಎರಡು ಬಂದೂಕು, ಎರಡು ಜೊತೆ ಪಿಸ್ತೂಲು. ಸಾಮಾನಿನ ಪಟ್ಟಿ ಇಷ್ಟಕ್ಕೇ ಮುಗಿಯಿತು.

ದಾರಿಯಲ್ಲಿ ಒಂದೊಂದು ರಾಜ್ಯ ದಾಟುವಾಗಲೂ ಅಲ್ಲಿಯ ಅರಸನಿಗೆ ಸುಂಕ ಕೊಡಬೇಕು. ಅದು ಆ ನಾಡಿನ ಕ್ರಮ. ಬೊಂಡೂ ರಾಜ್ಯದ ಅರಸನಿಗೆ ಪಾರ್ಕನ ಕೊಡೆ ಬಹಳ ಹಿಡಿಸಿತು. ಅದನ್ನು ಬಿಚ್ಚಿ ಮುಚ್ಚಿ, ಮುಚ್ಚಿ ಬಿಚ್ಚಿ ನೋಡಿ ಸಂತೋಷಪಟ್ಟನು. ಆಮೇಲೆ ಪಾರ್ಕನು ತೊಟ್ಟಿದ್ದ ನೀಲಿ ಕೋಟನ್ನೂ ಅದರ ಹಳದಿ ಗುಂಡಿಗಳನ್ನೂ ಹೊಗಳತೊಡಗಿದನು. ಆ ಹೊಗಳಿಕೆಯ ಅರ್ಥ ಪಾರ್ಕನಿಗೆ ತಿಳಿಯಿತು. ಇದ್ದ ಒಂದೇ ಒಳ್ಳೆಯ ಕೋಟನ್ನು ಬಿಚ್ಚಿ ಅರಸನ ಪಾದದ ಬಳಿ ಇಟ್ಟನು. ಅರಸನು ಉಳಿದ ಸಾಮಾನನ್ನು ಶೋಧಿಸದೆ ಬಿಟ್ಟು, ಸ್ವಲ್ಪ ಚಿನ್ನವನ್ನೂ ಕೊಟ್ಟು ಕಳಿಸಿದನು. ಅಂತಃಪುರದ ಹೆಂಗಸರು ಇವನ ಬಿಳಿಯ ಚರ್ಮಕ್ಕೆ ಕಾರಣ ಚಿಕ್ಕಂದಿನಲ್ಲಿ ಹಾಲಿನಲ್ಲಿ ಅದ್ದಿದ್ದು ಎಂದೂ, ಚೂಪು ಮೂಗಿಗೆ ಕಾರಣ ದಿನವೂ ಅದನ್ನು ಹಿಂಡಿದ್ದು ಎಂದೂ ಹಾಸ್ಯ ಮಾಡಿದರು. ಅವನು ಸಿಟ್ಟಾಗಲಿಲ್ಲ. ಅವರ ಕಪ್ಪು ಬಣ್ಣದ ಚೆಲುವನ್ನು ಹೊಗಳಿದನು. ಸಂಜೆಗೆ ಅವನ ಬಿಡಾರಕ್ಕೆ ಜೇನೂ ಮೀನೂ ಬಂದವು.

ಎಲ್ಲೆಡೆಯೂ ಹೀಗೆ ನಡೆಯಲಿಲ್ಲ. ಮುಂದಿನ ಕಜಾಗಾ ರಾಜ್ಯದಲ್ಲಿ ಸುಂಕ ತೆರದೆ ಗಡಿ ದಾಟಿದನೆಂದು ಅರಸನ ಕುದುರೆಯಾಳುಗಳು ಸಾಮಾನಿನ ಅರ್ಧ ಭಾಗವನ್ನು ಕಿತ್ತುಕೊಂಡರು. ಕಡಲೆಕಾಯಿಯ ಮುದುಕಿ ಬಂದದ್ದು ಆ ದಿನವೇ.

ಅದಕ್ಕಿಂತ ದೊಡ್ಡ ಕಷ್ಟ ಬಂದದ್ದು ಲೂಡಮಾರ್ ಎಂಬ ಮರಳುಗಾಡಿನ ಸೀಮೆಯಲ್ಲಿ. ನೇರ ದಾರಿಯಲ್ಲಿ ಎರಡು ರಾಜ್ಯಗಳ ನಡುವೆ ಯುದ್ಧ ಪ್ರಾರಂಭವಾಗಿದ್ದುದರಿಂದ ಪಾರ್ಕನು ಬಳಸುದಾರಿ ಹಿಡಿದು ಅಲ್ಲಿಗೆ ಹೋದನು. ಹೌಟನ್ ಸತ್ತ ಜಾಗವೂ ಅದೇ ದಾರಿಯಲ್ಲಿತ್ತು. 1796ರ ಮಾರ್ಚಿಯಲ್ಲಿ ಅಲ್ಲಿಯ ಮೂರ್ ಜನಾಂಗದ ಮುಖಂಡ ಅಲಿಯ ಕಡೆಯವರು ಅವನನ್ನು ಸೆರೆಹಿಡಿದರು. ಯುದ್ಧದ ಕಾಲದಲ್ಲಿ, ವ್ಯಾಪಾರವನ್ನೂ ಮಾಡದೆ, ಬರಿಯ ನದಿ ನೋಡಲು ಬಂದೆನೆನ್ನುವ ಬಿಳಿಯನನ್ನು ಗೂಢಚಾರನೆಂದು ತಿಳಿದದ್ದು ಅಷ್ಟೇನೂ ಆಶ್ಚರ್ಯವಲ್ಲ. ನಮ್ಮೂರಿನಲ್ಲಿಯೂ ಹಾಗೆಯೇ ತಿಳಿಯುತ್ತಿದ್ದರು. ಆದರೆ ಅವನನ್ನು ನಡೆಸಿಕೊಂಡ ರೀತಿ ಕ್ರೂರವಾಗಿತ್ತು. ಅವನ ಗುಡಿಸಲಿನ ಬಾಗಿಲಿಗೆ ಒಂದು ಹಂದಿಯನ್ನು ಕಟ್ಟಿ ಅಣಕಿಸಿದರು. ನೀರು ಕುಡಿಯಲು ಬಾವಿಯ ಬಳಿ ಹೋದರೆ ಅಟ್ಟುತ್ತಿದ್ದರು. ಒಂದು ರಾತ್ರಿ ಕನಿಕರಪಟ್ಟ ಮುದುಕನೊಬ್ಬ ಬಕೆಟ್ಟು ಎತ್ತಿದನು. ಆದರೆ ಮೈಲಿಗೆಯಾದೀತೆಂದು ಹೆದರಿ, ದನಗಳ ತೊಟ್ಟಿಗೆ ಸುರಿದು ಅಲ್ಲಿ ಕುಡಿಯೆಂದನು. ಪಾರ್ಕನು ಹಸುಗಳ ನಡುವೆ ತಲೆ ತೂರಿಸಿ ಮೊಣಕಾಲೂರಿ ಕುಡಿದನು. ಈ ಭಾಗವನ್ನು ಓದುವಾಗ ನಮ್ಮ ನಾಡಿನಲ್ಲಿ ಯಾರು ಯಾರಿಗೆ ಹೀಗೆ ನೀರು ಕೊಟ್ಟರೆಂಬುದು ನೆನಪಾಗದೆ ಇರಲಿಲ್ಲ.

ಆ ಸೆರೆಯಲ್ಲಿ ಪಾರ್ಕನು ಒಂದು ಉಪಾಯ ಕಂಡುಕೊಂಡನು. ತಾನು ಯಾವ ಕೆಲಸಕ್ಕೂ ಬಾರದ ದಡ್ಡನೆಂದು ತೋರಿಸಿಕೊಳ್ಳುವುದು. ಅಲಿಯು ಅವನಿಗೆ ಕ್ಷೌರದ ಕೆಲಸ ಕೊಟ್ಟು ತನ್ನ ಮಗನ ತಲೆಯನ್ನು ಬೋಳಿಸಲು ಹೇಳಿದಾಗ, ಪಾರ್ಕನ ಕತ್ತಿ ಮೊದಲಲ್ಲೇ ಸ್ವಲ್ಪ ಗಾಯ ಮಾಡಿತು. ಕೆಲಸ ಹೋಯಿತು. ಚೆನ್ನಾಗಿ ಬೋಳಿಸಿದ್ದರೆ ಬಹುಶಃ ಜೀವಮಾನವೆಲ್ಲ ಅಲ್ಲಿಯ ಕ್ಷೌರಿಕನಾಗಿಯೇ ಇರುತ್ತಿದ್ದನು. ದಿಕ್ಸೂಚಿಯ ಕತೆಯೂ ಹೀಗೆಯೇ. ಆ ಕಬ್ಬಿಣದ ತುಂಡು ಯಾವಾಗಲೂ ಮಹಾಮರುಭೂಮಿಯ ಕಡೆಗೇ ಏಕೆ ತಿರುಗುತ್ತದೆಂದು ಅಲಿ ಕೇಳಿದನು. ಕಾಂತಶಕ್ತಿಯ ವಿಷಯ ಹೇಳಿದರೆ ನಂಬುವವರಾರು? ಗೊತ್ತಿಲ್ಲವೆಂದರೆ ಏನನ್ನೋ ಮುಚ್ಚಿಡುತ್ತಾನೆಂಬ ಸಂದೇಹ. ಪಾರ್ಕನು, ಆ ಮರಳಿನ ಆಚೆಗೆ ತನ್ನ ತಾಯಿ ಇದ್ದಾಳೆಂದೂ, ಆಕೆ ಬದುಕಿರುವವರೆಗೆ ಅದು ಆಕೆಯ ಕಡೆಗೆ ದಾರಿ ತೋರಿಸುತ್ತದೆಂದೂ, ಆಕೆ ಸತ್ತರೆ ಸಮಾಧಿಯ ಕಡೆಗೆ ತಿರುಗುತ್ತದೆಂದೂ ಹೇಳಿದನು. ಅಲಿಯು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹೆದರಿ, ಜೋಪಾನವಾಗಿ ಹಿಂದಕ್ಕೆ ಕೊಟ್ಟನು. ಬೇರೆಲ್ಲ ಹೋದರೂ ದಿಕ್ಸೂಚಿ ಉಳಿಯಿತು. ಆದರೆ ಡೆಂಬಾ ಉಳಿಯಲಿಲ್ಲ. ಆ ಹುಡುಗನನ್ನು ಅಲಿಯ ಆಳುಗಳು ಎಳೆದುಕೊಂಡು ಹೋದರು. ಪಾರ್ಕನು ಬಿಡಿಸಲು ಬೇಡಿಕೊಂಡನು, ಆಗಲಿಲ್ಲ.

ಜುಲೈ ಮೊದಲಲ್ಲಿ ಒಂದು ನಸುಕಿನಲ್ಲಿ ಪಾರ್ಕನು ಬಡಕಲು ಕುದುರೆಯೊಂದಿಗೆ ತಪ್ಪಿಸಿಕೊಂಡನು. ಜಾನ್ಸನ್ ಇನ್ನು ಮುಂದೆ ಬರಲಾರೆನೆಂದು ಆಗಲೇ ಹೇಳಿಬಿಟ್ಟಿದ್ದನು. ಕಾಡಿನಲ್ಲಿ ನೀರಿಲ್ಲದೆ ಪ್ರಜ್ಞೆ ತಪ್ಪುವಷ್ಟಾದಾಗ ಮಳೆ ಬಂದಿತು. ಬಟ್ಟೆಗಳನ್ನು ನೆಲಕ್ಕೆ ಹರಡಿ, ನೆನೆದ ಮೇಲೆ ಹಿಂಡಿ ಹೀರಿದನು. ಒಂದು ಹಳ್ಳಿಯಲ್ಲಿ ಮುಖಂಡನ ಮನೆಯವರು ಒಳಗೆ ಬಿಡಲಿಲ್ಲ. ಊರ ಹೊರಗಿನ ಗುಡಿಸಲಿನಲ್ಲಿ ಹತ್ತಿ ನೂಲುತ್ತಿದ್ದ ಮುದುಕಿಯೊಬ್ಬಳು ಕೈಸನ್ನೆ ಮಾಡಿ ಕರೆದು, ಹಿಂದಿನ ರಾತ್ರಿಯ ಅಡಿಗೆಯನ್ನು ಬಡಿಸಿದಳು.

1796ರ ಜುಲೈ 21ರಂದು ಸೆಗೂ ಪಟ್ಟಣದ ಎದುರಿನ ದಡದಲ್ಲಿ ಅವನು ನೈಜರ್ ನದಿಯನ್ನು ಕಂಡನು. ಬೆಳಗಿನ ಬಿಸಿಲಿನಲ್ಲಿ ಹೊಳೆಯುತ್ತ ಅದು ನಿಧಾನವಾಗಿ ಪೂರ್ವಕ್ಕೆ ಹರಿಯುತ್ತಿತ್ತು. ಒಂದು ಮಹಾಪ್ರಶ್ನೆಯ ಅರ್ಧಕ್ಕೆ ಉತ್ತರ ದೊರೆಯಿತು. ಅದನ್ನು ಕಂಡುಹಿಡಿದವನಿಗೆ ಆ ರಾತ್ರಿ ತಂಗಲು ಜಾಗ ಮಾತ್ರ ದೊರೆಯಲಿಲ್ಲ. ಸೆಗೂವಿನ ಅರಸ ಮಾನ್ಸಾಂಗ್ ನದಿ ದಾಟಲು ಅಪ್ಪಣೆ ಕೊಡಲಿಲ್ಲ. ಹತ್ತಿರದ ಹಳ್ಳಿಯಲ್ಲಿ ಯಾರೂ ಬಾಗಿಲು ತೆರೆಯಲಿಲ್ಲ. ದಿನವೆಲ್ಲ ಒಂದು ಮರದಡಿಯಲ್ಲಿ ಕುಳಿತನು. ಸಂಜೆ ಗಾಳಿಮಳೆ ಸೂಚನೆಯಾದಾಗ, ಹೊಲದಿಂದ ಬರುತ್ತಿದ್ದ ಹೆಂಗಸೊಬ್ಬಳು ನಿಂತು ವಿಚಾರಿಸಿ, ಕುದುರೆಯ ತಡಿಯನ್ನು ತಾನೇ ಹೊತ್ತು ಮನೆಗೆ ಕರೆದುಕೊಂಡು ಹೋದಳು. ಕೆಂಡದಲ್ಲಿ ಸುಟ್ಟ ಮೀನು ಕೊಟ್ಟು ಚಾಪೆ ಹಾಸಿದಳು. ಆ ಮನೆಯ ಹೆಂಗಸರು ರಾತ್ರಿ ಬಹಳ ಹೊತ್ತು ಹತ್ತಿ ನೂಲುತ್ತ, ಇವನ ಮೇಲೆಯೇ ಆಶುವಾಗಿ ಒಂದು ಹಾಡು ಕಟ್ಟಿ ಹಾಡಿದರು. ಮ್ಯಾಂಡಿಂಗೊ ಕಲಿತಿದ್ದ ಪಾರ್ಕನಿಗೆ ಅದು ತನ್ನ ಮೇಲಿನ ಕನಿಕರದ ಹಾಡೆಂದು ತಿಳಿದು ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ, ಒಳಅಂಗಿಯಲ್ಲಿ ಉಳಿದಿದ್ದ ನಾಲ್ಕು ಹಿತ್ತಾಳೆ ಗುಂಡಿಗಳಲ್ಲಿ ಎರಡನ್ನು ಆಕೆಗೆ ಕೊಟ್ಟನು. ಕೊಡಲು ಅವನಲ್ಲಿ ಬೇರೇನೂ ಇರಲಿಲ್ಲ.

ಅರಸನು ಎರಡು ದಿನಗಳ ಮೇಲೆ ಐದು ಸಾವಿರ ಕವಡೆಗಳನ್ನು ಕಳಿಸಿ, ಮುಂದೆ ಹೋಗಬೇಕೆಂದು ತಿಳಿಸಿದನು. ಆ ಸೀಮೆಯಲ್ಲಿ ಕವಡೆಯೇ ನಾಣ್ಯ. ಪಾರ್ಕನು ಸಿಲ್ಲಾ ಎಂಬ ಊರಿನವರೆಗೆ ಹೋಗಿ, ಮಳೆ, ಜ್ವರ ಮತ್ತು ಬಡತನ ಮೂರೂ ಸೇರಿದ್ದರಿಂದ ಹಿಂದಿರುಗಿದನು.

ಮರಳುವ ದಾರಿಯಲ್ಲಿ ಅವನು ತಾಯಿತ ಬರೆದುಕೊಟ್ಟು ಹೊಟ್ಟೆ ಹೊರೆದನೆಂದರೆ ನಂಬುವಿರಾ? ಒಂದು ಊರಿನಲ್ಲಿ ಮನೆಯೊಡೆಯನು ಹಲಗೆಯೊಂದನ್ನು ತಂದು, ಬಿಳಿಯನ ಕೈಬರಹಕ್ಕೆ ಶಕ್ತಿ ಹೆಚ್ಚೆಂದು ಮಂತ್ರ ಬರೆಸಿಕೊಂಡು, ಅಕ್ಷರಗಳನ್ನು ನೀರಿನಲ್ಲಿ ತೊಳೆದು ಕುಡಿದು, ಉಳಿದದ್ದು ವ್ಯರ್ಥವಾಗದಂತೆ ಹಲಗೆಯನ್ನು ನೆಕ್ಕಿದನು. ಪಾರ್ಕನಿಗೆ ಅನ್ನದ ಊಟವಾಯಿತು. ಅವನು ಇದನ್ನು ನಗುತ್ತ ಬರೆದಿದ್ದಾನೆ, ಆದರೆ ಜರೆದಿಲ್ಲ.

ಆಗಸ್ಟ್ 25ರಂದು ಕಾಡುದಾರಿಯಲ್ಲಿ ಕಳ್ಳರು ಮೇಲೆ ಬಿದ್ದು ಮೈಮೇಲಿನ ಬಟ್ಟೆಯನ್ನೂ ಬಿಚ್ಚಿಸಿದರು. ಹೋಗುವಾಗ ಏನು ತೋಚಿತೋ, ಹರಕು ಅಂಗಿಯನ್ನೂ ಷರಾಯಿಯನ್ನೂ ಟೋಪಿಯನ್ನೂ ಎಸೆದುಹೋದರು. ಆ ಟೋಪಿಯ ಒಳಮಡಿಕೆಯಲ್ಲಿ ಅವನ ಪ್ರವಾಸದ ಟಿಪ್ಪಣಿಗಳೆಲ್ಲ ಇದ್ದವು. ಮಳೆಗಾಲದ ಅಡವಿಯಲ್ಲಿ, ಯೂರೋಪಿಯನ್ನರ ಠಾಣ್ಯಕ್ಕೆ ಐನೂರು ಮೈಲಿ ದೂರದಲ್ಲಿ, ಬೆತ್ತಲೆಯಾಗಿ ಕುಳಿತಿದ್ದವನ ಕಣ್ಣಿಗೆ ನೆಲದ ಮೇಲಿನ ಒಂದು ಸಣ್ಣ ಹಾವಸೆ ಬಿದ್ದಿತು. ಬೆರಳ ತುದಿಯಷ್ಟಿಲ್ಲ. ಸಸ್ಯಶಾಸ್ತ್ರ ಕಲಿತವನಾದ್ದರಿಂದ ಅದರ ಬೇರನ್ನೂ ಎಲೆಯನ್ನೂ ಬೀಜಕೋಶವನ್ನೂ ಕುತೂಹಲದಿಂದ ನೋಡಿದನು. ಇಷ್ಟು ಚಿಕ್ಕದನ್ನು ಇಂಥ ಕಡೆ ಇಷ್ಟು ಚೆನ್ನಾಗಿ ಬೆಳೆಸಿದವನು ತನ್ನನ್ನು ಮರೆಯಲಾರನೆಂಬ ಧೈರ್ಯ ಹುಟ್ಟಿ ಎದ್ದು ನಡೆದನು. ಮುಂದಿನ ಊರಾದ ಸಿಬಿಡೂಲುವಿನ ಮುಖಂಡನು ದೂರನ್ನು ಕೇಳಿ, ಆಳುಗಳನ್ನು ಕಳಿಸಿ, ಕೆಲವು ದಿನಗಳಲ್ಲಿ ಅವನ ಕುದುರೆಯನ್ನೂ ಬಟ್ಟೆಗಳನ್ನೂ ತರಿಸಿಕೊಟ್ಟನು. ಕಳ್ಳರೂ ಆ ನಾಡಿನವರೇ, ಕದ್ದ ಮಾಲನ್ನು ಹುಡುಕಿಸಿದವನೂ ಆ ನಾಡಿನವನೇ.

ಸೆಪ್ಟೆಂಬರ್ 16ರಂದು ಜ್ವರದಿಂದ ಹಳದಿಯಾಗಿದ್ದ ಪಾರ್ಕನು ಕಮಾಲಿಯಾ ಎಂಬ ಊರು ಸೇರಿದನು. ಅಲ್ಲಿಯ ಕಾರ್ಫಾ ಟೌರಾ ಎಂಬುವನ ಸುತ್ತ ಕುಳಿತಿದ್ದವರು ಈ ಎಲುಬಿನ ಗೂಡು ಬಿಳಿಯನೇ ಅಲ್ಲವೆಂದು ವಾದಿಸಿದರು. ಕಾರ್ಫಾ ಒಳಗಿನಿಂದ ಚಿಕ್ಕ ಪುಸ್ತಕವೊಂದನ್ನು ತಂದು ಓದಬಲ್ಲೆಯಾ ಎಂದು ಪರೀಕ್ಷಿಸಿದನು. ಅದು ಇಂಗ್ಲಿಷಿನ ಪ್ರಾರ್ಥನಾ ಪುಸ್ತಕ! ಪಾರ್ಕನು ಓದಿದನು, ಸಂದೇಹ ಕಳೆಯಿತು. ಕಾರ್ಫಾ ಅವನಿಗೆ ಗುಡಿಸಲು, ಚಾಪೆ, ನೀರಿನ ಮಡಕೆ, ದಿನಕ್ಕೆ ಎರಡು ಊಟ ಕೊಟ್ಟು ಏಳು ತಿಂಗಳು ಸಾಕಿದನು. ಕರಾವಳಿ ಸೇರಿದ ಮೇಲೆ ಒಬ್ಬ ಗುಲಾಮನ ಬೆಲೆಯನ್ನು ಕೊಡುವೆನೆಂದು ಪಾರ್ಕ್ ಮಾತು ಕೊಟ್ಟನು.

ಒಬ್ಬ ಗುಲಾಮನ ಬೆಲೆ. ಏಕೆಂದರೆ ಕಾರ್ಫಾ ಗುಲಾಮರ ವ್ಯಾಪಾರಿ. ಅವನ ದಯೆಯನ್ನು ಹೊಗಳುವಾಗ ಇದನ್ನು ಬಿಡಲು ನನಗೆ ಮನಸ್ಸು ಬರುವುದಿಲ್ಲ. 1797ರ ಏಪ್ರಿಲ್‌ನಲ್ಲಿ ಪಾರ್ಕನು ಊರಿಗೆ ಹೊರಟದ್ದು, ಹಗ್ಗದಿಂದ ಕುತ್ತಿಗೆ ಕುತ್ತಿಗೆ ಕಟ್ಟಿದ ಗುಲಾಮರ ಸಾಲಿನ ಜೊತೆಯಲ್ಲಿ. ಅವರಲ್ಲಿ ನೀಲಿ ಎಂಬ ಹೆಂಗಸೊಬ್ಬಳಿದ್ದಳು. ಹೆಸರು ನಮ್ಮದೇ ಎನ್ನಿಸುತ್ತದೆ. ಜೇನುನೊಣಗಳು ಕಡಿದು, ನಡೆಯಲಾರದೆ ಬಿದ್ದವಳನ್ನು ಹೊಡೆದರು, ಕತ್ತೆಯ ಮೇಲೆ ಕಟ್ಟಿದರು, ಕೊನೆಗೆ ದಾರಿಯ ಮೇಲೆ ಬಿಟ್ಟು ಮುಂದೆ ನಡೆದರು. ಪಾರ್ಕನೂ ಮುಂದೆ ನಡೆದನು. ಅವನನ್ನು ಕಾಪಾಡಿ ಮನೆಗೆ ಮುಟ್ಟಿಸಿದ ಸಾಲು ಅದು. ಅವನ ಪುಸ್ತಕದಲ್ಲಿ ಗುಲಾಮರ ಮೇಲೆ ಕನಿಕರವಿದೆ, ಆದರೆ ಆ ವ್ಯಾಪಾರವನ್ನು ನಿಲ್ಲಿಸಬೇಕೆಂಬ ಮಾತಿಲ್ಲ. ಜೂನ್ 10ರಂದು ಪಿಸಾನಿಯಾ ಸೇರಿ, ಒಪ್ಪಿದ್ದಕ್ಕಿಂತ ಎರಡರಷ್ಟನ್ನು ಕಾರ್ಫಾನಿಗೆ ಕೊಟ್ಟನು. ಊರಿಗೆ ಹೋಗಲು ಸಿಕ್ಕ ಹಡಗೂ ಗುಲಾಮರನ್ನು ಒಯ್ಯುವ ಅಮೆರಿಕದ ಹಡಗು. ಅದರಲ್ಲಿ ವೈದ್ಯನ ಕೆಲಸ ಮಾಡುತ್ತ ಅವನು ವೆಸ್ಟ್ ಇಂಡೀಸ್ ದ್ವೀಪಗಳ ಮೂಲಕ ಸುತ್ತಿ, 1797ರ ಕ್ರಿಸ್‌ಮಸ್ ದಿನದ ನಸುಕಿನಲ್ಲಿ ಲಂಡನ್ ಮುಟ್ಟಿದನು. ಹೊತ್ತಿಗೆ ಮುಂಚೆ ಭಾವನ ಮನೆಯವರನ್ನು ಎಬ್ಬಿಸಬಾರದೆಂದು ತಿರುಗಾಡುತ್ತ ಬ್ರಿಟಿಷ್ ಮ್ಯೂಸಿಯಮ್ಮಿನ ತೋಟವನ್ನು ಹೊಕ್ಕರೆ, ಅಲ್ಲಿ ಗಿಡಗಳನ್ನು ನೋಡಿಕೊಳ್ಳಲು ಬಂದಿದ್ದ ಭಾವ ಡಿಕ್ಸನ್ನೇ ಎದುರಾದನು. ಸತ್ತನೆಂದು ಎಲ್ಲರೂ ತಿಳಿದಿದ್ದವನು ಎದುರಿಗೆ ನಿಂತಿದ್ದನು.

ಪುಸ್ತಕ ಬಂದಿತು, ಕೀರ್ತಿ ಬಂದಿತು. ಗುರುವಾಗಿದ್ದ ಆಂಡರ್ಸನ್ನನ ಮಗಳು ಆಲಿಸನ್‌ಳನ್ನು ಮದುವೆಯಾಗಿ ಪೀಬಲ್ಸ್ ಪಟ್ಟಣದಲ್ಲಿ ವೈದ್ಯವೃತ್ತಿ ಹಿಡಿದನು. ಮನಸ್ಸು ಅಲ್ಲಿ ನಿಲ್ಲಲಿಲ್ಲ. ಕವಿ ವಾಲ್ಟರ್ ಸ್ಕಾಟನು ಆಗ ಅವನ ನೆರೆಯವನೂ ಗೆಳೆಯನೂ ಆಗಿದ್ದನು. ಒಂದು ದಿನ ಪಾರ್ಕನು ಯಾರೋ ಹೊಳೆಯ ದಡದಲ್ಲಿ ನಿಂತು ಒಂದೊಂದೇ ಕಲ್ಲನ್ನು ನೀರಿಗೆ ಹಾಕಿ ಗುಳ್ಳೆ ಮೇಲೇಳುವುದನ್ನು ನೋಡುತ್ತಿದ್ದನಂತೆ. ಆಫ್ರಿಕಾದಲ್ಲಿ ನದಿಯ ಆಳವನ್ನು ಹಾಗೆ ಅಂದಾಜು ಮಾಡಿ ದಾಟುತ್ತಿದ್ದ ಅಭ್ಯಾಸ. ಅವನು ಮತ್ತೆ ಹೋಗುತ್ತಾನೆಂದು ಸ್ಕಾಟನಿಗೆ ಆಗಲೇ ಹೊಳೆಯಿತು. ಬೀಳ್ಕೊಡುವ ದಿನ ಪಾರ್ಕನ ಕುದುರೆ ಎಡವಿತು. ಸ್ಕಾಟನು ಅಪಶಕುನವೆಂದು ಕಳವಳಪಟ್ಟರೆ, ಪಾರ್ಕ್ ಶಕುನವನ್ನು ನಂಬುವವರಿಗೆ ಮಾತ್ರ ಶಕುನವೆಂದು ನಕ್ಕು ಹಿಂದಿರುಗಿ ನೋಡದೆ ಹೋದನು.

ಎರಡನೆಯ ಪ್ರಯಾಣ ಸರ್ಕಾರದ್ದು. 1805ರ ಜನವರಿ 31ರಂದು ಹೊರಟ ಪಾರ್ಕನ ಜೊತೆಗೆ ಅವನ ಭಾವಮೈದುನ ಅಲೆಕ್ಸಾಂಡರ್ ಆಂಡರ್ಸನ್, ಚಿತ್ರಕಾರ ಜಾರ್ಜ್ ಸ್ಕಾಟ್, ದೋಣಿ ಕಟ್ಟುವ ಬಡಗಿಗಳು. ಗೋರೇ ದ್ವೀಪದ ಕೋಟೆಯಿಂದ ಲೆಫ್ಟಿನೆಂಟ್ ಮಾರ್ಟಿನ್ ಮತ್ತು ಮೂವತ್ತೈದು ಮಂದಿ ಸಿಪಾಯಿಗಳು ಸೇರಿಕೊಂಡರು. ಒಟ್ಟು ನಲವತ್ತಕ್ಕೂ ಹೆಚ್ಚು ಯೂರೋಪಿಯನ್ನರು, ಕತ್ತೆಗಳ ಹಿಂಡು, ಮದ್ದುಗುಂಡು, ಹೊರೆ ಹೊರೆ ಸರಕು. ಈ ಸಲ ಸುಲಿಗೆಯ ಹೆದರಿಕೆ ಇಲ್ಲವೆಂದು ಎಲ್ಲರೂ ತಿಳಿದರು. ಆದರೆ ಲಂಡನ್ನಿನಲ್ಲಿಯೇ ತಡವಾಗಿದ್ದುದರಿಂದ ಗ್ಯಾಂಬಿಯಾ ಬಿಡುವಾಗ ಏಪ್ರಿಲ್ ತಿಂಗಳ ಕೊನೆಯಾಗಿತ್ತು. ಇನ್ನೊಂದು ತಿಂಗಳಲ್ಲಿ ಮಳೆ ಹಿಡಿಯುತ್ತದೆಂಬುದು ಪಾರ್ಕನಿಗೆ ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಹತ್ತು ವರ್ಷದ ಹಿಂದೆ ಐದು ತಿಂಗಳು ಕಾದವನು ಈ ಸಲ ಕಾಯಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಜ್ವರವೂ ರಕ್ತಭೇದಿಯೂ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಮಲಗಿಸಿದವು. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂಬುದು ಆಗ ಯಾರಿಗೂ ತಿಳಿಯದು. ಬೆಂಗಳೂರಿನಲ್ಲಿಯೂ ಕೆಲಸ ಮಾಡಿದ್ದ ರೊನಾಲ್ಡ್ ರಾಸ್ ಎಂಬ ಸೇನಾವೈದ್ಯನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಆ ರೋಗಾಣುವನ್ನು ಕಂಡದ್ದು 1897ರಲ್ಲಿ. ಪಾರ್ಕನು ತಾನೇ ಜ್ವರದಲ್ಲಿದ್ದರೂ ಬಿದ್ದವರನ್ನು ತನ್ನ ಕುದುರೆಯ ಮೇಲೆ ಕೂರಿಸಿ ತಾನು ನಡೆದನು, ಕತ್ತೆಗಳ ಹೊರೆಯನ್ನು ತಾನೇ ಎತ್ತಿದನು. ಅವನ ಶೌರ್ಯದಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಆಗಸ್ಟ್ 19ರಂದು ಬಮಾಕೋ ಬಳಿಯ ಬೆಟ್ಟದಿಂದ ನೈಜರ್ ಮತ್ತೆ ಕಂಡಿತು. ನೋಡಲು ಉಳಿದಿದ್ದ ಯೂರೋಪಿಯನ್ನರು ಸುಮಾರು ಹತ್ತು ಹನ್ನೆರಡು ಮಂದಿ.

ಸಾನ್ಸಾಂಡಿಂಗ್ ಎಂಬ ಪೇಟೆಯಲ್ಲಿ ಪಾರ್ಕನು ಅಂಗಡಿ ಹೂಡಿ ಸರಕು ಮಾರಿದನು. ವ್ಯಾಪಾರ ಎಷ್ಟು ಭರದಿಂದ ನಡೆಯಿತೆಂದರೆ ಕವಡೆ ಎಣಿಸಲು ಮೂವರನ್ನು ಇಡಬೇಕಾಯಿತು. ಅಲ್ಲಿಯ ವರ್ತಕರಿಗೆ ಹೊಟ್ಟೆಗೆ ಬೆಂಕಿ ಬಿದ್ದಂತಾಗಿ, ಇವನನ್ನು ಓಡಿಸಬೇಕೆಂದು ಅರಸ ಮಾನ್ಸಾಂಗನಿಗೆ ದೂರು ಹೋಯಿತು. ಮೊದಲ ಸಲ ಬರಿಗೈಯಲ್ಲಿ ಬಂದವನ ಮೇಲೆ ಅದೇ ಸೀಮೆಯಲ್ಲಿ ಹಾಡು ಕಟ್ಟಿದ್ದರೆಂಬುದನ್ನು ನೆನೆದರೆ ವಿಚಿತ್ರವೆನ್ನಿಸುತ್ತದೆ. ಅಕ್ಟೋಬರ್ 28ರಂದು ಭಾವಮೈದುನ ತೀರಿಕೊಂಡನು. ಪಾರ್ಕನು ಎರಡು ಹಳೆಯ ದೋಣಿಗಳನ್ನು ಸೇರಿಸಿ ಒಂದು ನಾವೆ ಕಟ್ಟಿ, ನದಿಗೆ ಆ ಜನ ಕರೆಯುವ ಜೋಲಿಬಾ ಎಂಬ ಹೆಸರನ್ನೇ ಅದಕ್ಕೆ ಇಟ್ಟನು. ಪತ್ರಗ��ನ್ನು ಬರೆದು, ಅಲ್ಲಿಯವರೆಗೆ ದಾರಿ ತೋರಿಸಿದ ಐಸಾಕೊನ ಕೈಯಲ್ಲಿ ಕರಾವಳಿಗೆ ಕಳಿಸಿದನು. ಹೆಂಡತಿಗೆ ಬೇಗ ಬರುವೆನೆಂದು ಬರೆದನು. ಮಂತ್ರಿಗೆ, ನೈಜರ್ ನದಿಯ ಕೊನೆಯನ್ನು ಕಾಣುವೆ, ಇಲ್ಲವೆ ಅದರ ಮೇಲೆಯೇ ಸಾಯುವೆನೆಂದು ಬರೆದನು. ನವೆಂಬರ್ ಮೂರನೆಯ ವಾರದಲ್ಲಿ ನಾವೆ ಹೊರಟಿತು. ಅದರಲ್ಲಿ ಪಾರ್ಕ್, ಮಾರ್ಟಿನ್, ಮೂವರು ಸಿಪಾಯಿಗಳು, ಮೂವರು ಗುಲಾಮರು, ಅಮಾದಿ ಫತೌಮಾ ಎಂಬ ದಾರಿತೋರುಗ.

ಮುಂದಿನ ಕತೆಗೆ ಅಮಾದಿಯೇ ಆಧಾರ. 1810ರಲ್ಲಿ ಇಂಗ್ಲಿಷರು ಐಸಾಕೊನನ್ನು ಹುಡುಕಲು ಕಳಿಸಿದಾಗ ಅಮಾದಿಯು ಅವನಿಗೆ ಹೇಳಿದ್ದು ಇದು. ನಾವೆಯಲ್ಲಿ ಬಂದೂಕುಗಳನ್ನು ತುಂಬಿಸಿ ಸಿದ್ಧವಾಗಿಟ್ಟಿದ್ದರು. ಪಾರ್ಕನು ದಡಕ್ಕೆ ಹೋಗುವುದೇ ಇಲ್ಲವೆಂದು ನಿಶ್ಚಯಿಸಿದ್ದನು. ಊರೂರಿನ ಮುಖಂಡರಿಗೆ ಸುಂಕ ಕೊಡುವುದಿಲ್ಲ, ನಿಲ್ಲುವುದಿಲ್ಲ. ತಮ್ಮ ನೀರಿನಲ್ಲಿ ಮಾತಿಲ್ಲದೆ ಹೋಗುವ ಈ ನಾವೆಯನ್ನು ತಡೆಯಲು ದೋಣಿಗಳು ಬಂದವು, ಮೊದಲು ಮೂರು, ಆಮೇಲೆ ಏಳು, ಆಮೇಲೆ ಅರವತ್ತು. ಬಂದವರನ್ನೆಲ್ಲ ಗುಂಡಿನಿಂದ ಹೊಡೆದರು. ಒಂದು ಕಡೆ ಸತ್ತವರು ಎಷ್ಟು ಮಂದಿಯಾದರೆಂದರೆ, ಅಮಾದಿ ಮಾರ್ಟಿನ್ನನ ಕೈ ಹಿಡಿದು ಇನ್ನು ಸಾಕೆಂದು ಬೇಡಿದನು. ಮಾರ್ಟಿನ್ ಅವನನ್ನೇ ಕೊಲ್ಲಹೋದನು, ಪಾರ್ಕ್ ತಡೆದನು.

ಹೀಗೆ ಸಾವಿರ ಮೈಲಿಗೂ ಹೆಚ್ಚು ಸಾಗಿ, ಈಗಿನ ನೈಜೀರಿಯದಲ್ಲಿರುವ ಯೌರಿ ಎಂಬಲ್ಲಿಗೆ ಬಂದರು. ಅಮಾದಿ ಅಲ್ಲಿಯವರೆಗೆ ಮಾತ್ರ ಬರುವುದೆಂದು ಒಪ್ಪಂದ. ಪಾರ್ಕನು ಅರಸನಿಗೆ ಕೊಡಲೆಂದು ಊರ ಮುಖಂಡನ ಕೈಗೆ ಕಾಣಿಕೆಗಳನ್ನು ಕೊಟ್ಟನು. ಮುಖಂಡನು, ಈ ದಾರಿಯಾಗಿ ಮತ್ತೆ ಬರುವಿರಾ ಎಂದು ಕೇಳಿದನು. ಇಲ್ಲ, ಇನ್ನು ಬರುವುದಿಲ್ಲವೆಂದು ಪಾರ್ಕ್ ಉತ್ತರ ಕೊಟ್ಟನು. ಮುಖಂಡನು ಕಾಣಿಕೆಗಳನ್ನು ತಾನೇ ಇಟ್ಟುಕೊಂಡು, ಬಿಳಿಯರು ಏನೂ ಕೊಡದೆ ಹೋದರೆಂದು ಅರಸನಿಗೆ ತಿಳಿಸಿದನು.

ಈ ಪ್ರಶ್ನೋತ್ತರದ ಮೇಲೆ ನಾನು ಬಹಳ ಯೋಚಿಸಿದ್ದೇನೆ. ಮೊದಲ ಸಲ ಪಾರ್ಕನು ಹೋದ ದಾರಿಯಲ್ಲಿಯೇ ಮರಳಬೇಕಾದವನು. ಪ್ರತಿಯೊಂದು ಬಾಗಿಲಿಗೂ ಇನ್ನೊಮ್ಮೆ ಬರಬೇಕಾದವನಂತೆ ನಡೆದುಕೊಂಡನು. ಭಾಷೆ ಕಲಿತನು, ಕೋಟು ಬಿಚ್ಚಿಕೊಟ್ಟನು, ಮಾತು ಕೊಟ್ಟದ್ದಕ್ಕೆ ಎರಡರಷ್ಟು ತೆತ್ತನು. ಎರಡನೆಯ ಸಲ ಅವನಿಗೆ ಹಿಂದಿನ ಊರಿನವರ ಹಂಗು ಬೇಡವಾಯಿತು. ನದಿ ಒಂದೇ ದಿಕ್ಕಿಗೆ ಹರಿಯುತ್ತದಲ್ಲವೇ? ಆದರೆ ನನ್ನ ಈ ಎಣಿಕೆಗೆ ಲೂಡಮಾರಿನ ನಾಲ್ಕು ತಿಂಗಳು ಅಡ್ಡ ಬರುತ್ತದೆ. ಅಲ್ಲಿ ಅವನು ಎಷ್ಟು ತಗ್ಗಿ ನಡೆದರೂ ಪ್ರಯೋಜನವಾಗಲಿಲ್ಲ, ಹೌಟನ್ ಅದೇ ಸೀಮೆಯಲ್ಲಿ ಸತ್ತೇಹೋದನು. ಯುದ್ಧ ನಡೆಯುವ ಸೀಮೆಯಲ್ಲಿ ಸೌಜನ್ಯವೊಂದೇ ಸಾಲದು. ಸೆಗೂ ಪಟ್ಟಣ ಇಂದು ಮಾಲಿ ದೇಶದಲ್ಲಿದೆ. 2012ರಲ್ಲಿ ಆ ದೇಶದ ಉತ್ತರದಲ್ಲಿ ದಂಗೆ ಹೊತ್ತಿ, ಆಮೇಲೆ ಮಧ್ಯಭಾಗಕ್ಕೂ ಹಬ್ಬಿತು. ಈಗ ಒಳ್ಳೆಯ ಮಾತನ್ನು ಮಾತ್ರ ನಂಬಿ ಅಲ್ಲಿಗೆ ಹೋಗೆಂದು ನಾನು ಯಾರಿಗೂ ಹೇಳಲಾರೆ. ನನ್ನ ಅಜ್ಜಿಯ ಮೂರು ಮಾತುಗಳಲ್ಲಿ ಮೊದಲನೆಯದು ಪಾರ್ಕನಿಗೂ ಒಪ್ಪಿಗೆಯಾಗುತ್ತಿತ್ತು. ಟೋಪಿಯೊಳಗಿನ ಟಿಪ್ಪಣಿಗಳೇ ಸಾಕ್ಷಿ. ಮೂರನೆಯದನ್ನು ಪಾಲಿಸಿದ್ದರೆ ಮಾತ್ರ ಅವನು ಕಜಾಗಾದಿಂದ ಮುಂದೆ ಬದುಕಿರುತ್ತಿರಲಿಲ್ಲ.

ಯೌರಿಯ ಕೆಳಗೆ ಬುಸ್ಸಾ ಎಂಬಲ್ಲಿ ನದಿ ಬಂಡೆಗಳ ನಡುವೆ ಇಕ್ಕಟ್ಟಾಗಿ ನುಗ್ಗುತ್ತಿತ್ತು. 1806ರ ಮೊದಲ ಭಾಗದಲ್ಲಿ ನಾವೆ ಅಲ್ಲಿಗೆ ಬಂದಾಗ ಅರಸನ ಸೈನ್ಯ ಬಂಡೆಗಳ ಮೇಲೆ ಕಾದಿತ್ತು. ಈಟಿ, ಬಾಣ, ಕಲ್ಲುಗಳ ಮಳೆಯಾಯಿತು. ಸರಕನ್ನೆಲ್ಲ ನೀರಿಗೆ ಎಸೆದರೂ ನಾವೆ ಮುಂದೆ ಸರಿಯಲಿಲ್ಲ. ಪಾರ್ಕನು ಒಬ್ಬ ಬಿಳಿಯನನ್ನು ಹಿಡಿದುಕೊಂಡು ನೀರಿಗೆ ಹಾರಿದನು, ಮಾರ್ಟಿನ್ನನೂ ಹಾಗೆಯೇ ಮಾಡಿದನು. ಯಾರೂ ಮೇಲೆ ಬರಲಿಲ್ಲ. ನಾವೆಯಲ್ಲಿ ಸಿಕ್ಕಿಬಿದ್ದ ಒಬ್ಬ ಗುಲಾಮ ಮಾತ್ರ ಬದುಕಿದನು. ಅಮಾದಿಗೆ ಈ ಕೊನೆಯನ್ನು ಹೇಳಿದವನು ಅವನೇ. ಪಾರ್ಕನಿಗೆ ಆಗ ಮೂವತ್ತನಾಲ್ಕು ವರ್ಷ.

ಮಗ ಥಾಮಸನು ತಂದೆ ಎಲ್ಲಿಯೋ ಸೆರೆಯಲ್ಲಿ ಬದುಕಿದ್ದಾನೆಂದು ನಂಬಿ 1827ರಲ್ಲಿ ಗಿನಿ ತೀರದಲ್ಲಿ ಇಳಿದು ಒಳನಾಡಿಗೆ ಹೊರಟನು. ಅವನೂ ಹಿಂದಿರುಗಲಿಲ್ಲ. 1830ರಲ್ಲಿ ರಿಚರ್ಡ್ ಮತ್ತು ಜಾನ್ ಲ್ಯಾಂಡರ್ ಎಂಬ ಸಹೋದರರು ಕೊಂಚವೇ ಪರಿವಾರದೊಂದಿಗೆ ಬುಸ್ಸಾಕ್ಕೆ ಬಂದು, ಅಲ್ಲಿಯ ಅರಸನ ಅನುಮತಿ ಪಡೆದು, ನದಿಯನ್ನು ಹಿಡಿದು ಕೊನೆಯವರೆಗೆ ಹೋಗಿ ಅದು ಸಮುದ್ರ ಸೇರುವುದನ್ನು ಕಂಡರು. ಪಾರ್ಕ್ ಮುಳುಗಿದ ಬಂಡೆಗಳು ಈಗ ಕಾಣುವುದಿಲ್ಲ. 1968ರಲ್ಲಿ ಕೈಂಜಿ ಅಣೆಕಟ್ಟು ಮುಗಿದ ಮೇಲೆ ಹಳೆಯ ಬುಸ್ಸಾ ಊರೇ ನೀರಿನಡಿಗೆ ಹೋಯಿತು.

ಲ್ಯಾಂಡರ್ ಸಹೋದರರು ಬುಸ್ಸಾದಲ್ಲಿದ್ದಾಗ, ಪಾರ್ಕನ ದಿನಚರಿ ಎಲ್ಲಿಯಾದರೂ ಉಳಿದಿದೆಯೇ ಎಂದು ವಿಚಾರಿಸಿದರು. ಬಟ್ಟೆಯಲ್ಲಿ ಸುತ್ತಿ ದೇವರಂತೆ ಕಾಪಾಡಿಕೊಂಡಿದ್ದ ಒಂದು ಪುಸ್ತಕವನ್ನು ಅವರಿಗೆ ತೋರಿಸಿದರು. ಬಿಚ್ಚಿ ನೋಡಿದರೆ ಅದು ನಾವಿಕರು ಉಪಯೋಗಿಸುವ ಲಾಗರಿದಮ್ ಕೋಷ್ಟಕಗಳ ಪುಸ್ತಕ. ಅದರ ಹಾಳೆಗಳ ನಡುವೆ ದರ್ಜಿಯವನ ಒಂದು ಲೆಕ್ಕದ ಚೀಟಿಯೂ, ಲಂಡನ್ನಿನ ದಂಪತಿಗಳೊಬ್ಬರು ಪಾರ್ಕನನ್ನು ಊಟಕ್ಕೆ ಕರೆದು ಬರೆದ ಒಂದು ಕಾಗದವೂ ಇದ್ದವು.